ಮಾರುವ ಮನೆಗೆ ಎಷ್ಟು ಖರ್ಚು ಮಾಡಬೇಕು? ಇದ್ದ ಹಾಗೆ ಕೊಡುವುದು, ದುರಸ್ತಿ ಮಾಡಿ ಕೊಡುವುದು, ಹೊಸದಾಗಿಸಿ ಕೊಡುವುದು: ಒಂದು ಹೋಲಿಕೆ

ಮನೆ ಮಾರುವ ಮಾತೆತ್ತಿದರೆ ಸಾಕು, ನೆಂಟರಿಷ್ಟರಿಂದ ಮೂರು ಬಗೆಯ ಸಲಹೆ ಬರುತ್ತದೆ. ‘ಇದ್ದ ಹಾಗೆಯೇ ಕೊಟ್ಟುಬಿಡಿ, ಕೊಂಡವರು ಹೇಗೂ ಒಡೆದು ಕಟ್ಟಿಸುತ್ತಾರೆ’ ಎನ್ನುವವರು ಒಬ್ಬರು. ‘ಸುಣ್ಣ ಬಣ್ಣ ಮಾಡಿಸಿ, ಸೋರುವುದನ್ನು ನಿಲ್ಲಿಸಿ, ಸಾಕು’ ಎನ್ನುವವರು ಇನ್ನೊಬ್ಬರು. ಮೂರನೆಯವರು ಸಾಮಾನ್ಯವಾಗಿ ಈಚೆಗಷ್ಟೇ ತಮ್ಮ ಮನೆಯನ್ನು ನವೀಕರಿಸಿ ಕೈ ಖಾಲಿ ಮಾಡಿಕೊಂಡವರು. ‘ಮಾಡ್ಯುಲರ್ ಕಿಚನ್ ಹಾಕಿಸಿ, ನೆಲ ಬದಲಿಸಿ, ಹತ್ತು ಲಕ್ಷ ಹಾಕಿದರೆ ಇಪ್ಪತ್ತು ಲಕ್ಷ ಬರುತ್ತದೆ’ ಎಂದು ಅವರು ಹುರಿದುಂಬಿಸುತ್ತಾರೆ. ಒಂದೊಂದು ಬಗೆಯ ಮನೆಯ ಮಟ್ಟಿಗೆ ಮೂವರ ಮಾತೂ ಸರಿ. ನಿಮ್ಮದು ಯಾವ ಬಗೆಯದು ಎಂದು ಗೊತ್ತಾಗುವವರೆಗೆ ಪೇಂಟರನ್ನು ಕರೆಯಬೇಡಿ.

ಈ ಬರಹದುದ್ದಕ್ಕೂ ನಾನು ಹಿಡಿದಿರುವ ಅಳತೆಗೋಲು ಒಂದೇ. ಕೊಳ್ಳುವವರು ಚೆಂದಕ್ಕೆಂದು ಹೆಚ್ಚು ಕೊಡುವುದು ಕಡಿಮೆ. ಅನುಮಾನಕ್ಕೆಂದು ಮುರಿದುಕೊಳ್ಳುವುದು ಮಾತ್ರ ಬಹಳ. ಸೂರಿನಲ್ಲಿ ಅಂಗೈಯಗಲ ಕಂದು ಕಲೆ ಕಂಡರೆ ಅದರ ರಿಪೇರಿಗೆ ಇಪ್ಪತ್ತು ಸಾವಿರ ಸಾಕಾಗಬಹುದು, ಆದರೆ ನೋಡಿದವರು ಮನಸ್ಸಿನಲ್ಲೇ ಎರಡು ಲಕ್ಷ ಕಡಿತ ಮಾಡಿರುತ್ತಾರೆ. ಆದ್ದರಿಂದ ಯಾವ ಖರ್ಚು ಅವರ ಅನುಮಾನವೊಂದನ್ನು ತೆಗೆಯುತ್ತದೋ ಅದನ್ನು ಮಾಡಿ. ಬರೀ ಅಲಂಕಾರ ಕೂಡಿಸುವ ಖರ್ಚನ್ನು ಕೊಳ್ಳುವವರಿಗೇ ಬಿಡಿ.

ನೆಲ ಕೊಳ್ಳುವವರೋ, ಮನೆ ಕೊಳ್ಳುವವರೋ?

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರ, ಬೆಂಗಳೂರಿನ ರಾಜಾಜಿನಗರ, ಜಯನಗರ, ಬನಶಂಕರಿಯಂತಹ ಬಡಾವಣೆಗಳಲ್ಲಿ ಮೂವತ್ತು ನಲವತ್ತು ವರ್ಷ ದಾಟಿದ ಒಂಟಿ ಮನೆಗಳು ಬೇಕಾದಷ್ಟಿವೆ. 30×40ರ ನಿವೇಶನವೆಂದರೆ 1,200 ಚದರಡಿ. ಲೆಕ್ಕಕ್ಕೆಂದು ಚದರಡಿಗೆ 8,000 ರೂಪಾಯಿ ಇಟ್ಟುಕೊಂಡರೂ ಬರೀ ನೆಲದ ಬೆಲೆಯೇ 96 ಲಕ್ಷವಾಯಿತು. ಅದರ ಮೇಲೆ ನಿಂತಿರುವ ಹತ್ತು ಚದರದ, ಅಂದರೆ ಸಾವಿರ ಚದರಡಿಯ, ಹಳೆಯ ಮನೆಗೆ, ಒಡೆದು ಕಟ್ಟಲೆಂದೇ ಬರುವವರ ಲೆಕ್ಕದಲ್ಲಿ, ತೇಗದ ಬಾಗಿಲು ಕಿಟಕಿ ಮತ್ತು ಹಳೆ ಕಬ್ಬಿಣದ ಬೆಲೆಯಷ್ಟೇ ಉಳಿಯುತ್ತದೆ. ಅಂತಹ ಮನೆಗೆ ಎರಡು ಕೋಟ್ ಎಮಲ್ಷನ್ ಬಳಿಸುವುದೆಂದರೆ ಹಣವನ್ನು ಗೋಡೆಯ ಜೊತೆಗೆ ಒಡೆಸಿಕೊಂಡಂತೆ.

ನಿಮ್ಮ ಮನೆಗೆ ಯಾವ ಬಗೆಯ ಗಿರಾಕಿ ಬರುತ್ತಾರೆಂದು ತಿಳಿಯಲು ನಿಮ್ಮ ಬೀದಿಯಲ್ಲೇ ಒಮ್ಮೆ ನಡೆದುಬನ್ನಿ. ಕಳೆದ ಕೆಲವು ವರ್ಷಗಳಲ್ಲಿ ಮಾರಾಟವಾದ ಹಳೆಯ ಮನೆಗಳು ಇಂದು ಏನಾಗಿವೆ? ಮೂರು ಮಹಡಿಯ ಬಾಡಿಗೆ ಕಟ್ಟಡಗಳಾಗಿದ್ದರೆ, ರಸ್ತೆಯೂ ಅಗಲವಾಗಿದ್ದು ನಿಮ್ಮದು ಮೂಲೆ ನಿವೇಶನವಾಗಿದ್ದರೆ, ಬರುವವರಲ್ಲಿ ಹೆಚ್ಚಿನವರು ನೆಲ ಕೊಳ್ಳುವವರೇ. ಕೊಂಡವರು ಗೇಟಿಗೆ ಬಣ್ಣ ಬಳಿಸಿ ಅದೇ ಮನೆಯಲ್ಲಿ ವಾಸವಾಗಿದ್ದರೆ ನಿಮ್ಮ ಮನೆಗೂ ಅದೇ ಭಾಗ್ಯವಿದೆ. ಎರಡಕ್ಕೂ ನಡುವೆ ಇರುವವರು ಕೇಳುವ ಪ್ರಶ್ನೆ ಒಂದೇ: ‘ಮೇಲೆ ಇನ್ನೊಂದು ಮಹಡಿ ಏರಿಸಬಹುದೇ?’ ಪಿಲ್ಲರ್ ಎಬ್ಬಿಸಿ ಕಟ್ಟಿದ ಮನೆಯೋ, ಗೋಡೆಯೇ ಭಾರ ಹೊರುವ ಹಳೆಯ ಮನೆಯೋ ಎಂಬುದನ್ನು ಇಂಜಿನಿಯರ್ ಒಬ್ಬರಿಂದ ಮೊದಲೇ ತಿಳಿದು, ಸಾಧ್ಯವಾದರೆ ಬರೆಸಿಟ್ಟುಕೊಂಡರೆ, ಆ ಒಂದು ಹಾಳೆ ಹೊಸ ಬಣ್ಣಕ್ಕಿಂತ ಹೆಚ್ಚು ಮಾತಾಡುತ್ತದೆ.

ನೆಲ ಕೊಳ್ಳುವವರಿಗಾಗಿ ಮಾಡಬೇಕಾದ ತಯಾರಿ ಬೇರೆಯೇ. ಹಿತ್ತಲಿನ ಮುರಿದ ಸಿಂಕು, ಹಳೆಯ ತಗಡು, ಸೌದೆ ರಾಶಿಯನ್ನೆಲ್ಲ ಸಾಗಿಸಿ ನಾಲ್ಕೂ ಮೂಲೆ ಕಾಣುವಂತೆ ಮಾಡಿ. ಟೇಪ್ ಹಿಡಿದು ಅಳೆಯಿರಿ. ಕ್ರಯಪತ್ರದಲ್ಲಿ ಬರೆದ ಚಕ್ಕುಬಂದಿಗೂ (ನಾಲ್ಕೂ ದಿಕ್ಕಿನ ಗಡಿ) ಸ್ಥಳದ ಅಳತೆಗೂ ಒಂದಡಿ ವ್ಯತ್ಯಾಸ ಬಂದರೂ ಅವರು ಬರುವ ಮೊದಲೇ ನಿಮಗೆ ಗೊತ್ತಿರಲಿ. ಪಕ್ಕದವರ ಸಜ್ಜೆ ನಿಮ್ಮ ಕಡೆಗೆ ಚಾಚಿದ್ದರೆ, ನಿಮ್ಮ ಮೆಟ್ಟಿಲು ಚರಂಡಿಯ ಮೇಲೆ ಇಳಿದಿದ್ದರೆ, ಮೊದಲು ಅದನ್ನು ಬಗೆಹರಿಸಿ. ಅಷ್ಟಾದ ಮೇಲೆ ಬಾಗಿಲು ತೆರೆದಿಟ್ಟರೆ ಸಾಕು.

ಮನೆ ಕೊಳ್ಳುವ ಕುಟುಂಬದ ಕಥೆ ಇನ್ನೊಂದು. ಅವರ ಜೇಬಿನ ಲೆಕ್ಕವನ್ನು ಒಮ್ಮೆ ಹಾಕಿ ನೋಡಿದರೆ ಅವರೇಕೆ ಸಣ್ಣ ಬಿರುಕಿಗೂ ಬೆಚ್ಚುತ್ತಾರೆಂದು ತಿಳಿಯುತ್ತದೆ. ಕರ್ನಾಟಕದಲ್ಲಿ 45 ಲಕ್ಷ ರೂಪಾಯಿ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5. ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಅದು ಶೇ. 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ. ಒಂದು ಕೋಟಿಯ ಮನೆಗೆ ಇವೆರಡೇ 7 ಲಕ್ಷದ 60 ಸಾವಿರ. ಬ್ಯಾಂಕು ಸಾಲ ಕೊಡುವುದು 75 ಲಕ್ಷದ ಆಸುಪಾಸು, ಶುಲ್ಕಗಳಿಗೆ ಸಾಲವಿಲ್ಲ. ಅಂದರೆ ಆ ಕುಟುಂಬ ಸುಮಾರು 32 ಲಕ್ಷದ 60 ಸಾವಿರವನ್ನು ಕೈಯಿಂದ ತರಬೇಕು: ಉಳಿತಾಯ, ಒಡವೆ, ಊರಿನ ತೋಟ ಮಾರಿದ ಹಣ, ಮಾವನವರು ಕೊಟ್ಟಿದ್ದು, ಎಲ್ಲವೂ ಸೇರಿ. ಹಾಲು ಉಕ್ಕಿಸಿ ಒಳಗೆ ಬಂದ ಮರುವಾರವೇ ತಾರಸಿ ರಿಪೇರಿಗೆ ಹಣ ಹೊಂದಿಸುವ ಶಕ್ತಿ ಅವರಲ್ಲಿ ಉಳಿದಿರುವುದಿಲ್ಲ. ಹಾಗಾಗಿ ಅವರು ಬಯಸುವುದು ಚೆಂದದ ಮನೆಗಿಂತ ಹೆಚ್ಚಾಗಿ ತಕರಾರಿಲ್ಲದ ಮನೆಯನ್ನು.

ಮೂರು ದಾರಿಗಳ ತೂಕ

ಇದ್ದ ಹಾಗೆಯೇ ಕೊಡುವುದು ಸೋಮಾರಿತನವೇನಲ್ಲ. ಗಿರಾಕಿ ನೆಲದವರಾದರೆ ಅದೇ ಸರಿ. ಅಣ್ಣತಮ್ಮಂದಿರ ಪಾಲು ಬೇಗ ಆಗಬೇಕಿದ್ದರೂ ಅದೇ ಸರಿ. ನಾಲ್ಕು ಜನ ವಾರಸುದಾರರು ಟೈಲ್ಸ್‌ನ ಬಣ್ಣದ ಬಗ್ಗೆ ಒಮ್ಮತಕ್ಕೆ ಬರುವುದರೊಳಗೆ ವರ್ಷ ಕಳೆದಿರುತ್ತದೆ. ಸೂರಿನ ಕಾಂಕ್ರೀಟ್ ಚಕ್ಕೆ ಎದ್ದು ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಾಣುತ್ತಿದ್ದರಂತೂ ಗಾರೆ ಮೆತ್ತಿ ಬಣ್ಣ ಬಳಿಯುವುದು ಮೋಸವೇ ಆಗುತ್ತದೆ. ಈ ದಾರಿಯ ನಷ್ಟವೆಂದರೆ ವಾಸಕ್ಕೆ ನೋಡುವ ಕುಟುಂಬಗಳು ಬಾಗಿಲಿನಿಂದಲೇ ಹಿಂದಿರುಗುತ್ತವೆ. ಉಳಿಯುವವರು ವ್ಯಾಪಾರಿಗಳು, ಮತ್ತು ಅವರು ನಿಮ್ಮ ಅವಸರವನ್ನು ಮೂಸಿ ನೋಡಿಯೇ ಬೆಲೆ ಹೇಳುತ್ತಾರೆ.

ಪೂರ್ತಿ ನವೀಕರಣಕ್ಕೆ ನಾನು ಒಂದೇ ಒಂದು ಸಂದರ್ಭದಲ್ಲಿ ಹೂಂ ಎನ್ನುತ್ತೇನೆ. ಒಳ್ಳೆಯ ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ ಹತ್ತು ಹದಿನೈದು ವರ್ಷದ ಫ್ಲ್ಯಾಟು, ಅದೇ ಸಮುಚ್ಚಯದಲ್ಲಿ ನವೀಕರಿಸಿದ ಫ್ಲ್ಯಾಟಿಗೂ ಹಳೆಯದಕ್ಕೂ ಎಷ್ಟು ಅಂತರದಲ್ಲಿ ಮಾರಾಟವಾಗಿದೆ ಎಂಬುದು ಸಂಘದವರಿಂದಲೋ ದಲ್ಲಾಳಿಯಿಂದಲೋ ಖಚಿತವಾಗಿ ಗೊತ್ತಿದೆ, ಮತ್ತು ಆ ಅಂತರ ನಿಮ್ಮ ಖರ್ಚಿಗಿಂತ ಸ್ಪಷ್ಟವಾಗಿ ಹೆಚ್ಚಿದೆ. ಆಗ ಮಾಡಿಸಿ. ಒಂಟಿ ಮನೆಗೆ ಬೇಡ. ನೀವು ಮೆಚ್ಚಿ ಹಾಕಿಸಿದ ಕಪ್ಪು ಗ್ರಾನೈಟ್ ಅವರಿಗೆ ಆಗದು. ನಿಮ್ಮ ಹೊಸ ಕಪಾಟು ಅವರ ದೇವರ ಮನೆಯ ಜಾಗದಲ್ಲಿರುತ್ತದೆ. ಬ್ಯಾಂಕಿನ ಮೌಲ್ಯಮಾಪಕರು ಕಟ್ಟಡದ ವಯಸ್ಸು, ಅಳತೆ, ಮಂಜೂರಾದ ನಕ್ಷೆ ನೋಡುತ್ತಾರೆಯೇ ಹೊರತು ಅಡಿಗೆಮನೆಯ ಮೃದುವಾಗಿ ಮುಚ್ಚುವ ಡ್ರಾಯರನ್ನಲ್ಲ. ಇನ್ನೂ ಒಂದು ಅಪಾಯವಿದೆ. ನವೀಕರಣದ ಹುರುಪಿನಲ್ಲಿ ಬಾಲ್ಕನಿ ಮುಚ್ಚಿ ಕೋಣೆ ಮಾಡಿದರೆ, ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕಿನಲ್ಲಿ ಬಚ್ಚಲು ಎಬ್ಬಿಸಿದರೆ, ನಕ್ಷೆಯಿಂದ ಇನ್ನಷ್ಟು ದೂರ ಸರಿದಂತಾಯಿತು. ಖರ್ಚೂ ನಿಮ್ಮದೇ, ಸಾಲ ಸಿಗದೆ ಗಿರಾಕಿ ಕೈತಪ್ಪಿದ ನಷ್ಟವೂ ನಿಮ್ಮದೇ.

ವಾಸಕ್ಕೆ ಯೋಗ್ಯವಾದ ಬಹುಪಾಲು ಮನೆಗಳಿಗೆ ನಡುವಿನ ದಾರಿಯೇ ಸರಿ. ಅದರೊಳಗೂ ಎಲ್ಲಿ ಕೈ ಬಿಚ್ಚಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು ಎಂಬುದರಲ್ಲಿ ವ್ಯತ್ಯಾಸವಿದೆ.

ನೀರಿನ ಗುರುತು

ಮನೆ ನೋಡಲು ಬರುವ ಕುಟುಂಬವನ್ನು ಗಮನಿಸಿದ್ದೀರಾ? ಗಂಡ ಹೆಂಡತಿ ಹಾಲ್‌ನಲ್ಲಿ ನಿಂತು ಸೋಫಾ ಎಲ್ಲಿಡುವುದೆಂದು ಮಾತಾಡುತ್ತಿರುತ್ತಾರೆ. ಜೊತೆಗೆ ಬಂದ ಹಿರಿಯರು, ಸಾಮಾನ್ಯವಾಗಿ ಹುಡುಗಿಯ ತಂದೆ, ಏನೂ ಮಾತಾಡದೆ ಬಚ್ಚಲ ಮನೆಗೆ ತಾಗಿದ ಕೋಣೆಗೆ ಹೋಗುತ್ತಾರೆ. ಬೀರು ಇಟ್ಟ ಗೋಡೆಯ ಸಂದಿಗೆ ಕೈ ತೂರಿಸಿ ಅಂಗೈಯಿಂದ ಉಜ್ಜಿ ನೋಡುತ್ತಾರೆ. ಕೈಗೆ ಬಿಳಿ ಪುಡಿ ಹತ್ತಿದರೆ ಅದನ್ನು ಊದಿ, ಬಾಗಿಲ ಚೌಕಟ್ಟಿನ ಬುಡಕ್ಕೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟುತ್ತಾರೆ. ಪೊಳ್ಳು ಸದ್ದು ಬಂದರೆ ಗೆದ್ದಲು. ಆಮೇಲೆ ತಾರಸಿ ಹತ್ತುತ್ತಾರೆ. ಕೆಳಗೆ ಬಂದಾಗ ಅವರ ಮುಖ ನೋಡಿದರೆ ಸಾಕು, ವ್ಯಾಪಾರ ಎಲ್ಲಿಗೆ ಬಂತೆಂದು ತಿಳಿಯುತ್ತದೆ.

ಹೀಗಾಗಿ ನಿಮ್ಮ ಹಣದ ಮೊದಲ ಪಾಲು ನೀರು ಒಸರುವ ಜಾಗಗಳಿಗೆ ಹೋಗಬೇಕು. ತಾರಸಿಯಲ್ಲಿ ನೀರು ಇಳಿಯುವ ಕೊಳವೆಯ ಬಾಯಿಗಳನ್ನು ಬಟ್ಟೆ ತುರುಕಿ ಮುಚ್ಚಿ, ಎರಡು ಅಂಗುಲ ನೀರು ಕಟ್ಟಿ, ಒಂದೆರಡು ದಿನ ಬಿಟ್ಟು ಕೆಳಗಿನ ಸೂರು ನೋಡಿ. ಖರ್ಚಿಲ್ಲದ ಪರೀಕ್ಷೆ ಇದು. ತೇವ ಕಂಡರೆ ಆಯ್ಕೆಗಳು ಮೂರು. ಬ್ರಷ್ಷಿನಿಂದ ಬಳಿಯುವ ವಾಟರ್‌ಪ್ರೂಫ್ ಲೇಪನ ಎಲ್ಲಕ್ಕಿಂತ ಅಗ್ಗ. ಬಿರುಕುಗಳನ್ನು ಬಿಡಿಸಿ ತುಂಬಿದ ಮೇಲೆ ಬಳಿದರೆ ಕೆಲವು ಮಳೆಗಾಲ ತಡೆಯುತ್ತದೆ; ಧೂಳಿನ ಮೇಲೆಯೇ ಬಳಿದರೆ ಮುಂದಿನ ಬೇಸಿಗೆಗೇ ಹಪ್ಪಳದಂತೆ ಏಳುತ್ತದೆ. ಇಟ್ಟಿಗೆ ಚೂರು ಹಾಕಿ ಗಾರೆಯಲ್ಲಿ ಇಳಿಜಾರು ಕೊಡುವ ಹಳೆಯ ಕ್ರಮ ದುಬಾರಿ, ತೂಕವೂ ಹೆಚ್ಚು, ಆದರೆ ಬಹಳ ಕಾಲ ಬಾಳುತ್ತದೆ. ನೀರು ಒಂದೇ ಕಡೆ ನಿಲ್ಲುವ, ಇಳಿಜಾರೇ ಕೆಟ್ಟ ತಾರಸಿಗೆ ಅದೇ ಮದ್ದು. ಮೂರನೆಯದು ತಾರಸಿಯ ಮೇಲೆ ತಗಡಿನ ಚಾವಣಿ. ಒಣ ಬಟ್ಟೆ, ಹಪ್ಪಳ ಸಂಡಿಗೆಗೆ ಒಳ್ಳೆಯದು, ಮಾರುವವರಿಗೆ ಒಳ್ಳೆಯದಲ್ಲ. ಅನುಮತಿಯಿಲ್ಲದ ನಿರ್ಮಾಣವೆಂದು ಪ್ರಶ್ನೆ ಏಳಬಹುದು. ಅದಕ್ಕೂ ಮೊದಲು, ‘ಇದನ್ನೇಕೆ ಹಾಕಿಸಿದಿರಿ, ಸೋರುತ್ತಿತ್ತೇ?’ ಎಂಬ ಮಾತು ಬಂದೇ ಬರುತ್ತದೆ. ನನ್ನ ಮತ ಲೇಪನಕ್ಕೆ, ಅದೂ ಮಾರಾಟಕ್ಕೆ ಇಡುವ ಮೊದಲೇ ಒಂದು ಮಳೆಯಾದರೂ ಅದರ ಮೇಲೆ ಸುರಿದು ಹೋಗುವಂತೆ. ಕೆಲಸದ ರಸೀದಿ, ಮಾಡುವಾಗಿನ ಫೋಟೋ ಇಟ್ಟುಕೊಳ್ಳಿ.

ಬಚ್ಚಲ ಗೋಡೆಯ ತೇವಕ್ಕೆ ಹೊರಗಿನಿಂದ ಬಣ್ಣ ಬಳಿಯುವುದು ದಂಡ. ಒಳಗಿನ ಟೈಲ್ಸ್ ಸಂದುಗಳನ್ನು ಕೆರೆದು ಹೊಸದಾಗಿ ತುಂಬಿಸಿ, ಕೊಳವೆಯ ಬುಡ ನೋಡಿಸಿ, ಗೋಡೆ ಪೂರ್ತಿ ಒಣಗಲು ವಾರಗಟ್ಟಲೆ ಬಿಟ್ಟು ಆಮೇಲೆ ಪುಟ್ಟಿ ಹಚ್ಚಿಸಿ. ಅವಸರಕ್ಕೆ ಬಿದ್ದು ಹಸಿ ಗೋಡೆಗೆ ಬಣ್ಣ ಹಚ್ಚಿದರೆ ಮಾತುಕತೆ ಮುಗಿಯುವಷ್ಟರಲ್ಲೇ ಗುಳ್ಳೆ ಏಳುತ್ತದೆ, ನಿಮ್ಮ ಮಾತಿನ ಬೆಲೆಯೂ ಅದರೊಂದಿಗೆ ಉದುರುತ್ತದೆ.

ನೀರು ಸೋರುವುದರಷ್ಟೇ ನೀರು ಬರುವುದೂ ಮುಖ್ಯ. ಕಾವೇರಿ ಸಂಪರ್ಕ ಇದೆಯೇ, ವಾರದಲ್ಲಿ ಎಷ್ಟು ದಿನ ಬಿಡುತ್ತಾರೆ, ಬೋರ್‌ವೆಲ್ ಎಷ್ಟು ಅಡಿ, ಸಂಪು ಎಷ್ಟು ಲೀಟರ್: ಬೆಂಗಳೂರಿನಲ್ಲಿ 2024ರ ಬೇಸಿಗೆಯ ನೀರಿನ ಬರ ಕಂಡವರು ಇದನ್ನು ಕೇಳದೆ ಬಿಡುವುದಿಲ್ಲ. ಮಳೆನೀರು ಸಂಗ್ರಹ ವ್ಯವಸ್ಥೆ ಇದ್ದರೆ ಅದರ ಸೋಸುಗುಂಡಿಯನ್ನು ಸ್ವಚ್ಛ ಮಾಡಿಸಿ ತೋರಿಸಿ. ಬೆಂಗಳೂರಿನಲ್ಲಿ 2,400 ಚದರಡಿ ಅಥವಾ ಹೆಚ್ಚಿನ ನಿವೇಶನದ ಹಳೆಯ ಮನೆಗಳಿಗೂ 1,200 ಚದರಡಿ ಅಥವಾ ಹೆಚ್ಚಿನ ನಿವೇಶನದ ಹೊಸ ಮನೆಗಳಿಗೂ ಜಲಮಂಡಳಿ 2009ರಿಂದಲೇ ಇದನ್ನು ಕಡ್ಡಾಯ ಮಾಡಿದೆ. ಇಲ್ಲದವರು ನೀರಿನ ಬಿಲ್ಲಿನಲ್ಲಿ ದಂಡ ಕಟ್ಟಿದ್ದು ಕಾಣುತ್ತದೆ. ನೋಡಲು ಬರುವ ದಿನ ಮೇಲಿನ ಟ್ಯಾಂಕು ತುಂಬಿರಲಿ. ನಲ್ಲಿ ತಿರುಗಿಸಿದರೆ ಮೊದಲು ಕೆಮ್ಮಿ ಆಮೇಲೆ ಕೆಂಪು ನೀರು ಉಗುಳುವ ಮನೆಗೆ ಎಷ್ಟು ಚೆಂದದ ಪರದೆ ಹಾಕಿದರೂ ವ್ಯರ್ಥ.

ಬಣ್ಣ, ನೆಲ, ಅಡಿಗೆಮನೆ

ಬಣ್ಣದಲ್ಲಿ ಡಿಸ್ಟೆಂಪರ್ ಅಗ್ಗ, ಎಮಲ್ಷನ್ ದುಬಾರಿ. ಒರೆಸಿದರೆ ಕಲೆ ಹೋಗುವುದು ಎಮಲ್ಷನ್‌ನಲ್ಲಿ. ಡಿಸ್ಟೆಂಪರ್ ಕೈಗೆ ಹತ್ತುತ್ತದೆ, ಮೇಲೆ ಹೇಳಿದ ಹಿರಿಯರ ಅಂಗೈಗೂ ಹತ್ತುತ್ತದೆ. ಹಾಲ್, ಅಡಿಗೆಮನೆ, ಹೊರಗೋಡೆಯ ಮುಂಭಾಗಕ್ಕೆ ಸಾಧಾರಣ ದರ್ಜೆಯ ಎಮಲ್ಷನ್ ಹಾಕಿಸಿ, ಸೂರಿಗೂ ಒಳಕೋಣೆಗಳಿಗೂ ಡಿಸ್ಟೆಂಪರ್ ಸಾಕು. ಸಂಪೂರ್ಣ ಮನೆಗೆ ಬಜೆಟ್ ಇಲ್ಲವೆಂದರೆ ಗೇಟು, ಮುಂಬಾಗಿಲು, ಹಾಲ್ ಇಷ್ಟೇ ಮಾಡಿಸಿ. ತೇಗದ ಬಾಗಿಲಿದ್ದರೆ ದಯವಿಟ್ಟು ಅದಕ್ಕೆ ಬಣ್ಣ ಬಳಿಯಬೇಡಿ. ಹಳೆಯ ವಾರ್ನಿಷ್ ಉಜ್ಜಿ ತೆಗೆಸಿ ಪಾಲಿಷ್ ಮಾಡಿಸಿದರೆ ಮನೆಯ ವಯಸ್ಸೇ ಇಳಿಯುತ್ತದೆ. ಕೆನೆ, ತಿಳಿ ಹಳದಿ, ಬೂದು ಬಿಳಿಯಂತಹ ಬಣ್ಣಗಳು ಯಾರನ್ನೂ ಮೆಚ್ಚಿಸುವುದಿಲ್ಲ, ಯಾರನ್ನೂ ಓಡಿಸುವುದೂ ಇಲ್ಲ. ಮಾರುವ ಮನೆಗೆ ಬೇಕಾದದ್ದು ಅದೇ. ಮಲಗುವ ಕೋಣೆಯ ಒಂದು ಗೋಡೆಗೆ ನೇರಳೆ ಬಳಿಯುವ ಉಮೇದನ್ನು ಮುಂದಿನ ಮನೆಗೆ ಕಾದಿರಿಸಿ.

ನೆಲದ ವಿಷಯದಲ್ಲಿ ನನಗೆ ಸ್ವಲ್ಪ ಪಕ್ಷಪಾತವಿದೆ. ಎಂಬತ್ತರ ದಶಕದ ಮನೆಗಳ ರೆಡ್ ಆಕ್ಸೈಡ್, ಮೊಸಾಯಿಕ್ ನೆಲವನ್ನು ಕಿತ್ತು ಹೊಳಪಿನ ವಿಟ್ರಿಫೈಡ್ ಟೈಲ್ಸ್ ಹಾಕಿಸುವುದು ಕಂಡರೆ ಹೊಟ್ಟೆ ಉರಿಯುತ್ತದೆ. ಲೆಕ್ಕ ಹಾಕಿದರೂ ಅದು ಲಾಭದ ಕೆಲಸವಲ್ಲ. ಮೊಸಾಯಿಕ್ ನೆಲಕ್ಕೆ ಯಂತ್ರದಿಂದ ಉಜ್ಜಿ ಪಾಲಿಷ್ ಮಾಡಿಸಿದರೆ ಹೊಸ ಟೈಲ್ಸಿನ ಖರ್ಚಿನ ಒಂದು ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ಹಳೆಯದರ ಮೇಲೆಯೇ ಟೈಲ್ಸ್ ಕೂರಿಸಿದರೆ ನೆಲ ಮೇಲೇರಿ ಎಲ್ಲ ಬಾಗಿಲುಗಳ ಕೆಳಭಾಗ ಕೊರೆಸಬೇಕು, ಹೊಸ್ತಿಲು ಕಾಲಿಗೆ ತಗಲುತ್ತದೆ, ಬಚ್ಚಲಿನ ನೀರು ಕೋಣೆಯತ್ತ ಮುಖ ಮಾಡುತ್ತದೆ. ಬಿರುಕು ಬಿಟ್ಟು ಕುಸಿದ ನೆಲವಾದರೆ ಮಾತ್ರ ಬದಲಿಸಿ, ಅದೂ ಕುಸಿತದ ಕಾರಣ ಕಂಡುಕೊಂಡ ಮೇಲೆ.

ಅಡಿಗೆಮನೆಯಲ್ಲಿ ಕಟ್ಟೆಯ ಕಲ್ಲು, ಸಿಂಕು, ಚಿಮಣಿಯ ಜಿಡ್ಡು ತೆಗೆಸಿ, ಒಡೆದ ಕಪಾಟಿನ ಕೀಲು ಬದಲಿಸಿ. ಅಲ್ಲಿಗೆ ನಿಲ್ಲಿಸಿ. ಬಚ್ಚಲಿನಲ್ಲಿ ಒಂದೇ ಒಂದು ದೊಡ್ಡ ಖರ್ಚಿಗೆ ಅರ್ಥವಿದೆ: ಮನೆಯಲ್ಲಿ ಎಲ್ಲ ಶೌಚಾಲಯಗಳೂ ಇಂಡಿಯನ್ ಕಮೋಡ್ ಆಗಿದ್ದರೆ ಒಂದನ್ನಾದರೂ ವೆಸ್ಟರ್ನ್ ಮಾಡಿಸುವುದು. ಮೊಣಕಾಲು ನೋವಿನ ಅಮ್ಮನನ್ನು ಕರೆದುಕೊಂಡು ಬರುವ ಗಿರಾಕಿಗೆ ಇದು ಮೊದಲ ಪ್ರಶ್ನೆ.

ವಾಸ್ತುವಿನ ಬಗ್ಗೆ ನಂಬಿಕೆ ಇರಲಿ ಬಿಡಲಿ, ಗಿರಾಕಿ ದಿಕ್ಸೂಚಿ ಹಿಡಿದೇ ಬರುತ್ತಾರೆ. ಆಗ್ನೇಯದಲ್ಲಿ ಅಡಿಗೆ, ಈಶಾನ್ಯದಲ್ಲಿ ದೇವರು ಅಥವಾ ಸಂಪು ಇದ್ದರೆ ಅದನ್ನು ಜಾಹೀರಾತಿನ ಮೊದಲ ಸಾಲಿಗೆ ತನ್ನಿ. ಇಲ್ಲದಿದ್ದರೆ ಗೋಡೆ ಒಡೆದು ಸರಿಪಡಿಸಲು ಹೋಗಬೇಡಿ. ಒಬ್ಬ ಪಂಡಿತರು ಸರಿಯೆಂದದ್ದನ್ನು ಗಿರಾಕಿಯ ಪಂಡಿತರು ತಪ್ಪೆನ್ನುವ ಸಂಭವ ಯಾವಾಗಲೂ ಇದ್ದೇ ಇರುತ್ತದೆ. ಈಶಾನ್ಯ ಮೂಲೆಯಲ್ಲಿ ರಾಶಿ ಬಿದ್ದ ಹಳೆ ಪೇಪರ್ ಮತ್ತು ಪೊರಕೆಯನ್ನು ತೆಗೆದಿಟ್ಟರೆ ಎಲ್ಲ ಪಂಡಿತರಿಗೂ ಒಪ್ಪಿಗೆಯಾಗುತ್ತದೆ.

ವಾಸವಿರುವಾಗಲೋ, ಖಾಲಿ ಮಾಡಿಯೋ, ಬಾಡಿಗೆದಾರರು ಇರುವಾಗಲೋ?

ಖಾಲಿ ಮನೆಯಲ್ಲಿ ಕೋಣೆಗಳು ದೊಡ್ಡದಾಗಿ ಕಾಣುತ್ತವೆ ಎಂಬುದು ಅರ್ಧ ಸತ್ಯ. ಗೋಡೆಯ ಮೊಳೆ ತೂತು, ಕ್ಯಾಲೆಂಡರ್ ಹಿಂದಿನ ಬಿಳಿ ಚೌಕ, ಬೀರು ಇದ್ದಲ್ಲಿನ ತೇವ, ಇವೂ ದೊಡ್ಡದಾಗಿಯೇ ಕಾಣುತ್ತವೆ. ಮಂಚ ಬೀರು ಇಲ್ಲದ ಕೋಣೆಯಲ್ಲಿ ಅವು ಹೇಗೆ ಹಿಡಿಸುತ್ತವೆಂದು ಅನೇಕರಿಗೆ ಅಂದಾಜೂ ಸಿಗುವುದಿಲ್ಲ. ಮಕ್ಕಳು ಅಮೆರಿಕದಲ್ಲೋ ದುಬೈಯಲ್ಲೋ ಇದ್ದು ಬೀಗ ಹಾಕಿದ ಮನೆಯಾದರೆ ಕಮಟು ವಾಸನೆ ಬೇರೆ. ವಾರಕ್ಕೊಮ್ಮೆ ಯಾರಾದರೂ ಬಂದು ಕಿಟಕಿ ತೆರೆದು, ಬಚ್ಚಲ ಜಾಲರಿಗೆ ನೀರು ಸುರಿದು, ಅಂಗಳದ ಎಲೆ ಗುಡಿಸಿದರೆ ಸಾಕು. ಎಲ್ಲ ಕೋಣೆಗೂ ಬಲ್ಬು ಇರಲಿ, ಕರೆಂಟು ಕಡಿತ ಮಾಡಿಸಬೇಡಿ.

ಸಂಸಾರ ನಡೆಯುತ್ತಿರುವ ಮನೆಗೆ ನನ್ನ ಮೊದಲ ಮತ, ಅರ್ಧ ಸಾಮಾನು ಸಾಗಿಸಿದ ಸಂಸಾರವಾದರೆ. ಅಟ್ಟದ ಮೇಲಿನ ಪಾತ್ರೆ, ಬಾಲ್ಕನಿಯ ಸೈಕಲ್, ಹಾಲ್‌ನ ಎರಡನೆಯ ಸೋಫಾ, ಇವು ಈಗಲೇ ನೆಂಟರ ಮನೆಗೆ ಹೋಗಲಿ. ಹೇಗೂ ಒಂದು ದಿನ ಕಟ್ಟಲೇಬೇಕು. ಬಂದವರಿಗೆ ಅಡಿಗೆಮನೆ, ಬಚ್ಚಲು, ಕಪಾಟು ತೆರೆದು ನೋಡಲು ಬಿಡಿ, ಮನೆಯವರೆಲ್ಲ ಹಿಂದೆ ಹಿಂದೆ ಸುತ್ತಬೇಡಿ. ಪೂರ್ವದ ಬಾಗಿಲಿನ ಮನೆಯಾದರೆ ಬೆಳಿಗ್ಗೆ ಕರೆಯಿರಿ. ಅಂಗಳಕ್ಕೆ ನೀರು ಹಾಕಿ ರಂಗೋಲಿ ಇಟ್ಟ ಹೊತ್ತಿನಲ್ಲಿ ಬಂದವರಿಗೆ ಮನೆಯ ಬಗ್ಗೆ ನೀವು ಹೆಚ್ಚು ಹೇಳಬೇಕಾಗಿಲ್ಲ. ಊದುಬತ್ತಿಯನ್ನು ಮಾತ್ರ ಮಿತವಾಗಿ ಹಚ್ಚಿ; ಘಮ ಹೆಚ್ಚಾದರೆ ಏನನ್ನೋ ಮುಚ್ಚುತ್ತಿದ್ದಾರೆ ಎನಿಸುತ್ತದೆ.

ಬಾಡಿಗೆದಾರರಿರುವ ಮನೆ ಎಲ್ಲಕ್ಕಿಂತ ಕಷ್ಟದ್ದು. ಬಾಡಿಗೆ ಆದಾಯಕ್ಕೆ ಕೊಳ್ಳುವವರಿಗೆ ಅದು ಅನುಕೂಲವೇ, ವಾಸಕ್ಕೆ ಕೊಳ್ಳುವವರಿಗೆ ಅದೊಂದು ಭಯ. ಬೆಂಗಳೂರಿನಲ್ಲಿ ಭೋಗ್ಯಕ್ಕೆ ಕೊಟ್ಟ ಮನೆಗಳಲ್ಲಿ ಇದು ಇನ್ನೂ ಬಿಗಿ, ಏಕೆಂದರೆ ಅವರ ಇಡುಗಂಟನ್ನು ಹಿಂದಿರುಗಿಸಲು ಮಾರಾಟದ ಮುಂಗಡ ಹಣವೇ ಬೇಕು, ಮುಂಗಡ ಕೊಡುವವರಿಗೆ ಖಾಲಿ ಮನೆ ಬೇಕು. ಹೊರಗಿನಿಂದ ಹಣ ಹೊಂದಿಸಿ ಮೊದಲು ಅವರನ್ನು ತೆರವು ಮಾಡಿಸುವುದೇ ವಾಸಿ. ಆಗದಿದ್ದರೆ ಮೂವರೂ ಒಂದೇ ದಿನ ಕುಳಿತು ಹಣ, ಬೀಗದ ಕೈ, ಸಹಿ ಎಲ್ಲವನ್ನೂ ಮುಗಿಸುವಂತೆ ಕರಾರಿನಲ್ಲಿ ಬರೆಸಿ. ಬಾಡಿಗೆದಾರರಿಗೆ ಒಂದು ತಿಂಗಳ ಬಾಡಿಗೆ ಬಿಟ್ಟುಕೊಟ್ಟರೂ ನಷ್ಟವಿಲ್ಲ. ಮುನಿಸಿಕೊಂಡ ಬಾಡಿಗೆದಾರರು ನೋಡಲು ಬಂದವರ ಕಿವಿಯಲ್ಲಿ ‘ರಾತ್ರಿ ನೀರು ಬರುವುದಿಲ್ಲ’ ಎಂದು ಹೇಳುವ ಒಂದು ಮಾತು ಅದಕ್ಕಿಂತ ದುಬಾರಿ.

ಕಾಗದಪತ್ರ: ಈಗಲೋ, ಗಿರಾಕಿ ಸಿಕ್ಕ ಮೇಲೋ?

ಈಗಲೇ. ಇದರಲ್ಲಿ ಹೋಲಿಕೆಗೆ ಅವಕಾಶವೇ ಇಲ್ಲ. ಗಿರಾಕಿ ಒಪ್ಪಿ ಮುಂಗಡ ಕೊಡಲು ಬಂದ ದಿನ ಖಾತೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿದೆ ಎಂದರೆ, ಅಲ್ಲಿಂದ ಹೊರಡುವ ತಿಂಗಳುಗಟ್ಟಲೆ ಓಡಾಟದಲ್ಲಿ ಅವರು ಇನ್ನೊಂದು ಮನೆ ನೋಡಿರುತ್ತಾರೆ. 2024ರ ಕೊನೆಯಿಂದ ಪಟ್ಟಣಗಳಲ್ಲಿ ಇ-ಖಾತಾ (ನಗರಾಡಳಿತದ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದೆ ಕ್ರಯಪತ್ರ ನೋಂದಣಿಯಾಗುವುದಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಅಲ್ಲಿನ ಡಿಜಿಟಲ್ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. ಹೆಸರಿನ ಒಂದು ಅಕ್ಷರ, ತಂದೆಯ ಹೆಸರು, ಅಳತೆ ಇವುಗಳಲ್ಲಿ ತಪ್ಪಿದ್ದರೆ ತಿದ್ದಿಸಲು ಸಮಯ ಹಿಡಿಯುತ್ತದೆ. ಆಸ್ತಿಯ ಮೇಲಿನ ಸಾಲ, ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ (ಇ.ಸಿ.) ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಕೈಬರಹದ ದಾಖಲೆ ಹುಡುಕಿಸಬೇಕು. ವಕೀಲರು ಸಾಮಾನ್ಯವಾಗಿ ಮೂವತ್ತು ವರ್ಷದ್ದನ್ನು ಕೇಳುತ್ತಾರೆ. ಎಂದೋ ತೀರಿಸಿದ ಗೃಹಸಾಲದ ಅಡಮಾನ ಅದರಲ್ಲಿ ಇನ್ನೂ ಹಾಗೇ ಉಳಿದಿರುವುದು ಬಹಳ ಮನೆಗಳ ಕಥೆ. ಸಾಲ ತೀರಿದ ಪತ್ರ ಬ್ಯಾಂಕಿನಿಂದ ತಂದು ಅದನ್ನು ಬಿಡುಗಡೆ ಮಾಡಿಸಿ.

ಪಿತ್ರಾರ್ಜಿತ ಮನೆಯಾದರೆ ವಂಶವೃಕ್ಷದ ಜೊತೆಗೆ ಅಕ್ಕ ತಂಗಿಯರ ಸಹಿ ಬೇಕು. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳ ಹಕ್ಕನ್ನು ಯಾವ ಬ್ಯಾಂಕಿನ ವಕೀಲರೂ ಕಡೆಗಣಿಸುವುದಿಲ್ಲ. ‘ಮದುವೆಯಲ್ಲಿ ಕೊಡುವುದನ್ನೆಲ್ಲ ಕೊಟ್ಟಾಗಿದೆ’ ಎಂಬ ಮಾತು ಉಪನೋಂದಣಿ ಕಚೇರಿಯಲ್ಲಿ ನಡೆಯುವುದಿಲ್ಲ.

ಇವೆಲ್ಲ ಒಂದು ಫೈಲಿನಲ್ಲಿ, ಮೂಲ ಪತ್ರದಿಂದ ಈ ವರ್ಷದ ಕಂದಾಯದ ರಸೀದಿಯವರೆಗೆ ವರ್ಷದ ಕ್ರಮದಲ್ಲಿ ಇದ್ದರೆ, ಗಿರಾಕಿಗೆ ನಕಲು ಕೊಟ್ಟು ಕಳುಹಿಸಬಹುದು. ಇಡೀ ತಯಾರಿಯಲ್ಲಿ ಅತಿ ಕಡಿಮೆ ಹಣಕ್ಕೆ ಅತಿ ಹೆಚ್ಚು ಅನುಮಾನ ತೆಗೆಯುವ ಕೆಲಸ ಇದೇ.

ಯಾವಾಗ, ಯಾರ ಕೈಯಲ್ಲಿ

ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಮುಂಗಡ ಕೊಡುವವರು ಕಡಿಮೆ. ಆ ದಿನಗಳನ್ನು ರಿಪೇರಿಗೂ ಕಾಗದಪತ್ರಕ್ಕೂ ಬಳಸಿ. ಹೊರಗೋಡೆಯ ಬಣ್ಣ ಮಾತ್ರ ಮಳೆಗಾಲಕ್ಕೆ ಬೇಡ. ನನ್ನನ್ನು ಕೇಳಿದರೆ ಬೇಸಿಗೆಯಲ್ಲಿ ತಾರಸಿ, ಮಳೆಯಲ್ಲಿ ಅದರ ಪರೀಕ್ಷೆ, ಮಳೆ ನಿಂತ ಮೇಲೆ ಬಣ್ಣ, ನವರಾತ್ರಿ ದೀಪಾವಳಿಯ ಹೊತ್ತಿಗೆ ಗಿರಾಕಿ. ಅಷ್ಟು ಕಾಯಲಾಗದವರು ಯುಗಾದಿ, ಅಕ್ಷಯ ತೃತೀಯದ ಆಸುಪಾಸಿಗೆ ಒಳಗಿನ ಕೆಲಸ ಮುಗಿಸಿಕೊಳ್ಳಲಿ.

ದಲ್ಲಾಳಿ ಸಾಮಾನ್ಯವಾಗಿ ಶೇ. 1ರಿಂದ 2ರಷ್ಟು ಕೇಳುತ್ತಾರೆ. ಊರಿನಲ್ಲೇ ಇದ್ದು, ಫೋನ್ ಎತ್ತುವ ತಾಳ್ಮೆ ಇದ್ದರೆ ನೀವೇ ಮಾರಬಹುದು. ದೂರದಲ್ಲಿದ್ದರೆ ದಲ್ಲಾಳಿ ಬೇಕೇ ಬೇಕು. ವಿದೇಶದಲ್ಲಿ ನೆಲೆಸಿದವರ ಮನೆಗೆ ಇನ್ನೊಂದು ತೊಡಕಿದೆ. ಇಲ್ಲಿನ ನಿವಾಸಿಯಿಂದ 50 ಲಕ್ಷ ಅಥವಾ ಹೆಚ್ಚಿನ ಬೆಲೆಗೆ ಕೊಂಡರೆ ಕೊಳ್ಳುವವರು ಶೇ. 1 ತೆರಿಗೆ ಹಿಡಿದು ಕಟ್ಟಿದರೆ ಮುಗಿಯಿತು. ಅನಿವಾಸಿಯಿಂದ ಕೊಂಡರೆ ಹಿಡಿಯಬೇಕಾದ ದರ ಬಹಳ ಹೆಚ್ಚು. ಕಡಿಮೆ ದರದ ಪ್ರಮಾಣಪತ್ರವನ್ನು ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ತೆಗೆದುಕೊಂಡಿದ್ದರೆ ಗಿರಾಕಿ ಹಿಂಜರಿಯುವುದಿಲ್ಲ.

ದೋಷವನ್ನು ಹೇಳುವುದೋ, ಮುಚ್ಚುವುದೋ?

ರಿಪೇರಿ ಮಾಡಿಸದೆ ಉಳಿಸಿದ ದೋಷ ಒಂದೆರಡು ಇದ್ದೇ ಇರುತ್ತವೆ. ಮುಚ್ಚಿ ಮಾರಿದರೆ ಜಾಣತನವೆನ್ನುವವರಿದ್ದಾರೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನ ಪ್ರಕಾರ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ, ಆದರೆ ಮಾರುವವರಿಗೆ ಗೊತ್ತಿರುವ ಮುಖ್ಯ ದೋಷವನ್ನು ಹೇಳುವುದು ಮಾರುವವರ ಹೊಣೆ. ಕಾನೂನು ಬದಿಗಿರಲಿ, ವ್ಯಾಪಾರದ ದೃಷ್ಟಿಯಿಂದಲೂ ಹೇಳುವುದೇ ಲಾಭ. ‘ಹಿಂದಿನ ಕೋಣೆಯ ಕಿಟಕಿ ಸಜ್ಜೆ ಜೋರು ಮಳೆಯಲ್ಲಿ ಒಸರುತ್ತದೆ, ಮೇಸ್ತ್ರಿ ಹದಿನೈದು ಸಾವಿರ ಎಂದಿದ್ದಾರೆ, ಬರಹದ ಅಂದಾಜು ಇಲ್ಲಿದೆ’ ಎಂದು ನೀವೇ ತೋರಿಸಿದರೆ ಚೌಕಾಸಿ ಹದಿನೈದು ಸಾವಿರದ ಸುತ್ತ ನಡೆಯುತ್ತದೆ. ಅವರೇ ಕಂಡುಹಿಡಿದರೆ ಅದು ಲಕ್ಷಗಳ ಮಾತಾಗುತ್ತದೆ.

ಖರ್ಚಿನ ರಸೀದಿಗಳನ್ನು ಎಸೆಯಬೇಡಿ. ಎರಡು ವರ್ಷ ಮೀರಿ ಇಟ್ಟುಕೊಂಡ ಮನೆಯ ಲಾಭಕ್ಕೆ ಈಗ ಶೇ. 12.5 ತೆರಿಗೆ, 2024ರ ಜುಲೈ 23ಕ್ಕೆ ಮೊದಲೇ ಕೊಂಡ ಮನೆಯಾದರೆ ನಿವಾಸಿಗಳು ಬೆಲೆ ಸೂಚ್ಯಂಕ ಸೇರಿಸಿದ (ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿದ) ಶೇ. 20ರ ಲೆಕ್ಕದೊಂದಿಗೆ ಹೋಲಿಸಿ ಕಡಿಮೆಯದನ್ನು ಆರಿಸಬಹುದು. ಹೊಸ ಕೋಣೆಯಂತಹ ಶಾಶ್ವತ ಸುಧಾರಣೆಯ ವೆಚ್ಚ, ದಲ್ಲಾಳಿಯ ಕಮಿಷನ್ ಲಾಭದಿಂದ ಕಳೆಯಲು ಬರುತ್ತವೆ. ಸುಣ್ಣ ಬಣ್ಣ ಸಾಮಾನ್ಯವಾಗಿ ಬರುವುದಿಲ್ಲ. ಪೂರ್ತಿ ನವೀಕರಣದ ಪರವಾಗಿ ವಾದಿಸುವವರು ಇದನ್ನೇ ಹಿಡಿದು ಎಳೆಯುತ್ತಾರೆ, ಆದರೆ ಶೇ. 12.5ರ ಲೆಕ್ಕದಲ್ಲಿ ತೆರಿಗೆಯಲ್ಲಿ ಉಳಿಯುವುದು ಖರ್ಚಿನ ಎಂಟನೆಯ ಒಂದು ಪಾಲು ಮಾತ್ರ. ಉಳಿದ ಏಳು ಪಾಲನ್ನು ಗಿರಾಕಿಯಿಂದಲೇ ಪಡೆಯಬೇಕು.

ಕರಾರು ಬರೆಸುವ ಮೊದಲು ಮನೆಯಲ್ಲಿ ಏನೇನು ಉಳಿಯುತ್ತದೆ ಎಂಬ ಪಟ್ಟಿಯೊಂದನ್ನು ಇಬ್ಬರೂ ಸಹಿ ಹಾಕಿ ಇಟ್ಟುಕೊಳ್ಳಿ: ಫ್ಯಾನು, ಗೀಸರು, ಯುಪಿಎಸ್, ಸೋಲಾರ್ ವಾಟರ್ ಹೀಟರ್, ಬೋರ್‌ವೆಲ್ ಮೋಟಾರು, ಕಿಟಕಿಯ ಸೊಳ್ಳೆ ಜಾಲರಿ. ಕೋಟಿ ರೂಪಾಯಿಗೆ ಒಪ್ಪಿ ಕೈಕುಲುಕಿದವರು ಬೀಗದ ಕೈ ಕೊಡುವ ದಿನ ಮೂರು ಫ್ಯಾನಿಗಾಗಿ ಬಾಗಿಲಲ್ಲಿ ನಿಂತು ಮಾತಿಗೆ ಮಾತು ಬೆಳೆಸುವುದು ಅಪರೂಪವೇನಲ್ಲ.